ಮೂವತ್ತು ಸೆಕೆಂಡು

ನಮ್ಮ ವಿಭಾಗದ ಕಂಪ್ಯೂಟರ್ ಕೋಣೆಯಲ್ಲಿ 12 ಯಂತ್ರಗಳಿವೆ. ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಯಾವುದೋ ಕಚೇರಿಯಲ್ಲಿ ಹಳತಾದವೆಂದು ನಮಗೆ ಬಂದವು. ಬರುವಾಗಲೇ ಡಿಸ್ಕುಗಳನ್ನು ಬಿಚ್ಚಿಕೊಂಡು ಕಳಿಸಿದ್ದರು. ಡಿಸ್ಕ್ ಇಲ್ಲದ ಕಂಪ್ಯೂಟರ್ ಎಂದರೆ ನೆನಪು ಹೋದ ಮನುಷ್ಯನಿದ್ದ ಹಾಗೆ. ಗುಂಡಿ ಒತ್ತಿದಾಗ ತಾನು ಯಾರು, ತನ್ನ ವಿಳಾಸವೇನು, ಮುಂದೆ ಏನು ಮಾಡಬೇಕು ಒಂದೂ ಅದಕ್ಕೆ ಗೊತ್ತಿರುವುದಿಲ್ಲ. ದಿನಾ ಬೆಳಿಗ್ಗೆ ಅದು ಕೇಬಲ್ಲಿನೊಳಗೆ ಬಾಯಿಟ್ಟು ಕೇಳಬೇಕು, ಮೂಲೆಯಲ್ಲಿ ಕೂತ ಸರ್ವರ್ ಹೇಳಬೇಕು. ಹೇಳಿದ ಮೇಲೆ ಅದು ಕಂಪ್ಯೂಟರ್. ಅಲ್ಲಿಯವರೆಗೆ ಬರೀ ಡಬ್ಬ.

ಇಂಥ ಏರ್ಪಾಡಿಗೆ ಥಿನ್ ಕ್ಲೈಂಟ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಇದನ್ನು ಕಟ್ಟಿಕೊಡುವ ಹಳೆಯ, ಹೆಸರಾದ ತಂತ್ರಾಂಶ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಅದನ್ನು 1999ರಲ್ಲಿ ಶುರುಮಾಡಿದರು. ಆಗೆಲ್ಲ ಕೆಲಸ ಪೂರ್ತಿ ಸರ್ವರಿನಲ್ಲೇ ನಡೆಯುತ್ತಿತ್ತು. ಎದುರಿನ ಯಂತ್ರ ಬರೀ ಪರದೆ ಮತ್ತು ಕೀಲಿಮಣೆ. 2019ರಲ್ಲಿ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆದರು. ಈಗ ಸರ್ವರ್ ತನ್ನ ವ್ಯವಸ್ಥೆಯನ್ನೆಲ್ಲ ಒತ್ತಿ ಒಂದೇ ಕಡತ ಮಾಡಿ ಇಟ್ಟುಕೊಂಡಿರುತ್ತದೆ, ಪ್ರತಿ ಯಂತ್ರವೂ ಅದನ್ನು ನೆಟ್‌ವರ್ಕಿನ ಮೂಲಕ ಎರವಲು ಪಡೆದು ತನ್ನದೇ ಪ್ರೊಸೆಸರಿನಲ್ಲಿ ಓಡಿಸುತ್ತದೆ. ತೆಳ್ಳಗಿನದು ಎನ್ನುವ ಹೆಸರು ಮಾತ್ರ ಹಾಗೇ ಉಳಿದುಕೊಂಡಿತು. ನಾರ್ವೆಯಲ್ಲಿ ಹುಟ್ಟಿದ, ಶಾಲೆಗಳಿಗೆಂದೇ ಮಾಡಿದ ಡೆಬಿಯನ್ ಎಜು ಎಂಬ ಲಿನಕ್ಸಿನಲ್ಲಿ ಇದು ಮೊದಲಿನಿಂದಲೂ ಇದೆ. ಗ್ರೀಸಿನ ಶಾಲೆಗಳಲ್ಲೂ ಬಳಸುತ್ತಾರೆ. ಎಲ್ಲ ಕಡೆಯೂ ಕಾರಣ ಒಂದೇ: ಕಾಸು ಕಡಿಮೆ, ಹಳೆಯ ಯಂತ್ರಗಳು ಹೆಚ್ಚು, ನೋಡಿಕೊಳ್ಳುವವರು ಒಬ್ಬರು.

ನಮ್ಮಲ್ಲಿ ಆ ಒಬ್ಬರು ನಾನು. ನನ್ನ ಪಿಎಚ್.ಡಿ. ವಿಷಯ ಹಸ್ತಪ್ರತಿಗಳದ್ದು, ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಕಟ್ಟಿದ ಹಿರಿಯ ಸಂಶೋಧಕರೊಬ್ಬರು ಕೆಲಸ ಸಿಕ್ಕಿ ಹೊರಟಾಗ ಒಂದು ನೋಟ್‌ಬುಕ್ಕು, ಒಂದು ಬೀಗದ ಕೈ ಕೊಟ್ಟು, "ನೀನು ಓದಿ ಅರ್ಥ ಮಾಡ್ಕೊಳ್ಳೋಳು, ಅದಕ್ಕೇ ನಿನಗೆ ಕೊಡ್ತಿದೀನಿ" ಎಂದರು. ಓಲೆಗರಿಯ ಮೋಡಿ ಬಿಡಿಸುವವಳಿಗೆ ಲಾಗ್ ಕಡತ ಏನು ಮಹಾ ಎಂದು ಅವರ ಲೆಕ್ಕ. ಆ ಲೆಕ್ಕ ತೀರ ಸುಳ್ಳಾಗಲಿಲ್ಲ.

ಆ ಕೋಣೆ ಯಾಕೆ ಬೇಕು ಎಂದು ಹೊರಗಿನವರು ಕೇಳುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲಿದೆಯಲ್ಲ ಎನ್ನುತ್ತಾರೆ. ಮೊಬೈಲಿನಲ್ಲಿ 80 ಪುಟದ ಕಿರುಪ್ರಬಂಧವನ್ನು ಅಡಿಟಿಪ್ಪಣಿ ಸಮೇತ ಟೈಪು ಮಾಡಿ ನೋಡಿದವರು ಆ ಮಾತು ಆಡುವುದಿಲ್ಲ. ಎರಡನೆಯ ವರ್ಷದ ಎಂ.ಎ.ಯಲ್ಲಿ 22 ಜನ ಇದ್ದಾರೆ. ಸ್ವಂತ ಲ್ಯಾಪ್‌ಟಾಪ್ ಇರುವುದು ಏಳೆಂಟು ಜನರ ಬಳಿ. ಉಳಿದವರಿಗೆ ಇರುವ ಇನ್ನೊಂದು ದಾರಿ ಗೇಟಿನ ಎದುರಿನ ಡಿಟಿಪಿ ಅಂಗಡಿ. ಪುಟಕ್ಕೆ 20 ರೂಪಾಯಿಯ ಹಾಗೆ 1600 ರೂಪಾಯಿ; ತಿದ್ದುಪಡಿಗೆ ಬೇರೆ. ಮೇಲಾಗಿ ಅಂಗಡಿಯವರು ಹಳೆಯ ನುಡಿ ಅಕ್ಷರದಲ್ಲಿ ಹೊಡೆದುಕೊಟ್ಟದ್ದನ್ನು ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಮ್ಮ ಕೋಣೆಯಲ್ಲಿ ಎಲ್ಲವೂ ಯೂನಿಕೋಡ್. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯನ್ನೂ ಅಕ್ಷರವಿನ್ಯಾಸಗಳನ್ನೂ ಸರ್ವರಿನಲ್ಲಿ ಒಂದು ಸಲ ಹಾಕಿದರೆ ಸಾಕು, 12ಕ್ಕೆ 12 ಯಂತ್ರದಲ್ಲೂ ಬಂದುಬಿಡುತ್ತದೆ. ಯಾರು ಎಲ್ಲಿ ಕೂತರೂ ಅವರವರ ಕಡತಗಳು ಅವರ ಮುಂದೆ ತೆರೆದುಕೊಳ್ಳುತ್ತವೆ, ಏಕೆಂದರೆ ಕಡತಗಳಿರುವುದು ಸರ್ವರಿನಲ್ಲಿ.

ಒಂದು ಯಂತ್ರ ಏಳುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ.

ಗುಂಡಿ ಒತ್ತಿದೊಡನೆ ನೆಟ್‌ವರ್ಕ್ ಕಾರ್ಡಿನೊಳಗಿರುವ ಪುಟ್ಟ ಪ್ರೋಗ್ರಾಮೊಂದು ಎಚ್ಚರಗೊಳ್ಳುತ್ತದೆ. ಪಿಎಕ್ಸ್‌ಇ ಎನ್ನುವ ಈ ಕ್ರಮವನ್ನು ಇಂಟೆಲ್ ಕಂಪನಿ ತೊಂಬತ್ತರ ದಶಕದ ಕೊನೆಯಲ್ಲಿ ರೂಪಿಸಿತು. ಅದು ಮಾಡುವ ಮೊದಲ ಕೆಲಸ ಕೂಗುವುದು. "ಯಾರಾದರೂ ಇದ್ದೀರಾ? ನನಗೊಂದು ವಿಳಾಸ ಬೇಕು." ಸರ್ವರ್ ಹೇಳುತ್ತದೆ, "ಇದ್ದೇನೆ, ಈ ವಿಳಾಸ ಇದೆ, ಆದೀತಾ?" ಯಂತ್ರ ಅನ್ನುತ್ತದೆ, "ಆಗಲಿ, ಅದನ್ನೇ ಕೊಡಿ." ಸರ್ವರ್, "ಕೊಟ್ಟೆ." ಡಿಎಚ್‌ಸಿಪಿ ಎಂಬ ಒಡಂಬಡಿಕೆಯ ಮಾತುಕತೆ ಇಷ್ಟೇ, ನಾಲ್ಕು ವಾಕ್ಯ. ನಮ್ಮ ಹಳ್ಳಿಗಳಲ್ಲಿ ಎಮ್ಮೆ ವ್ಯಾಪಾರಕ್ಕೂ ಇದಕ್ಕಿಂತ ಹೆಚ್ಚು ಮಾತು ಖರ್ಚಾಗುತ್ತದೆ.

ವಿಳಾಸದ ಜೊತೆಗೆ ಒಂದು ಕಡತದ ಹೆಸರನ್ನೂ ಸರ್ವರ್ ಹೇಳಿರುತ್ತದೆ. ಟಿಎಫ್‌ಟಿಪಿ ಎಂಬ ಬಹಳ ಸರಳ ಕ್ರಮದಲ್ಲಿ ಯಂತ್ರ ಆ ಕಡತವನ್ನು ತರಿಸಿಕೊಳ್ಳುತ್ತದೆ. ಮೂಲ ನಿಯಮದ ಪ್ರಕಾರ ಒಮ್ಮೆಗೆ 512 ಬೈಟು. ಬಂತು ಎಂದು ಹೇಳಿದ ಮೇಲೆ ಮುಂದಿನ 512. ತುತ್ತು ಕೊಟ್ಟು, ನುಂಗಿದ್ದನ್ನು ನೋಡಿ, ಮತ್ತೊಂದು ತುತ್ತು ಕೊಟ್ಟ ಹಾಗೆ. ಹಾಗೆ ಬಂದ ಕಡತದ ಹೆಸರು ಐಪಿಎಕ್ಸ್‌ಇ. ಇದು ಮೊದಲಿನದಕ್ಕಿಂತ ಜಾಣ ಪ್ರೋಗ್ರಾಮು. ಬಂದೊಡನೆ ನೆಟ್‌ವರ್ಕ್ ಕಾರ್ಡನ್ನು ತನ್ನ ಕೈಗೆ ತೆಗೆದುಕೊಂಡು, ಹಿಂದಿನವನು ಮಾಡಿದ್ದನ್ನೆಲ್ಲ ಬದಿಗಿಟ್ಟು, ಮತ್ತೆ ಮೊದಲಿನಿಂದ ಕೂಗುತ್ತದೆ, "ಯಾರಾದರೂ ಇದ್ದೀರಾ?" ಮತ್ತೆ ಅದೇ ನಾಲ್ಕು ವಾಕ್ಯ. ಆಮೇಲೆ ಲಿನಕ್ಸಿನ ಕರ್ನಲ್ ಬರುತ್ತದೆ, ವ್ಯವಸ್ಥೆಯ ದೊಡ್ಡ ಕಡತ ತೆರೆಯುತ್ತದೆ, ಕೊನೆಗೆ ಹೆಸರು ಮತ್ತು ಗುಪ್ತಪದ ಕೇಳುವ ಪರದೆ ಕಾಣಿಸುತ್ತದೆ.

ಹೋದ ವರ್ಷ ಕಿರುಪ್ರಬಂಧ ಒಪ್ಪಿಸಲು ಕೊನೆಯ ದಿನ ಒಂದು ಶುಕ್ರವಾರ. ಅದೇ ವಾರದ ಸೋಮವಾರ ಬೆಳಿಗ್ಗೆ ನಾನು ಗ್ರಂಥಾಲಯದಲ್ಲಿದ್ದಾಗ ನಮ್ಮ ಅಟೆಂಡರ್ ಫೋನು ಮಾಡಿದರು. "ಮೇಡಂ, ಬಲಗಡೆ ಸಾಲ ಅಷ್ಟ ಚಾಲೂ ಅದ ನೋಡ್ರಿ. ಎಡಗಡೇವು ಒಂದೂ ಏಳವಲ್ವು."

ಅವರು ಹೇಳಿದ್ದು ಅಕ್ಷರಶಃ ನಿಜ. ಬಲಗಡೆಯ 4 ಯಂತ್ರಗಳು ಎಂದಿನಂತೆ ನಡೆಯುತ್ತಿದ್ದವು. ಎಡಗಡೆಯ 8 ಕಪ್ಪು ಪರದೆಯ ಮೇಲೆ ಒಂದೇ ಸಾಲು ತೋರಿಸುತ್ತ ನಿಂತಿದ್ದವು: ನೋ ಕಾನ್ಫಿಗರೇಷನ್ ಮೆಥಡ್ಸ್ ಸಕ್ಸೀಡೆಡ್. ಐಪಿಎಕ್ಸ್‌ಇ ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ ಎಂದು ಅದರ ಅರ್ಥ.

ಏಳನೆಯ ಯಂತ್ರದ ಮುಂದೆ ದೇವದುರ್ಗದ ಕಡೆಯ ಹುಡುಗಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತನ್ನೂರಿನ ಮೊಹರಂ ಪದಗಳ ಮೇಲೆ ಬರೆಯುತ್ತಿದ್ದವಳು. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಾಗಲೇ ಮೊದಲ ಸಲ ಮೌಸ್ ಹಿಡಿದಿದ್ದಳು. ನನ್ನನ್ನು ನೋಡಿದವಳೇ ಎದ್ದು ನಿಂತು, "ನಾ ಏನೂ ಮುಟ್ಟಿಲ್ರೀ ಅಕ್ಕಾ" ಎಂದಳು.

ಆ ಮಾತನ್ನು ನಾನು ಈ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಕರೆಂಟು ಹೋದರೂ ಅದೇ ಮಾತು, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಹಾಕಿಕೊಂಡರೂ ಅದೇ. ಮನೆಯಲ್ಲಿ ಕಂಪ್ಯೂಟರ್ ನೋಡುತ್ತ ಬೆಳೆದವರು ಯಂತ್ರ ಕೆಟ್ಟರೆ ಯಂತ್ರವನ್ನು ಬೈಯುತ್ತಾರೆ. ತಡವಾಗಿ ಬಂದವರು ತಮ್ಮ ಬೆರಳನ್ನು ನೋಡಿಕೊಳ್ಳುತ್ತಾರೆ. ಪರದೆಯ ಮೇಲಿನ ಇಂಗ್ಲಿಷು ಅವರಿಗೆ ಒಂದು ಸುದ್ದಿಯ ಹಾಗೆ ಕಾಣುವುದಿಲ್ಲ, ತೀರ್ಪಿನ ಹಾಗೆ ಕಾಣುತ್ತದೆ. "ನೀನಲ್ಲ, ಬಿಡು" ಎಂದು ನಾನು ಹೇಳಬಹುದಿತ್ತು, ಹೇಳಿದೆ ಕೂಡ. ಆದರೆ ಅದು ಸಮಾಧಾನದ ಮಾತು ಅಷ್ಟೇ ಎಂದು ಅವಳಿಗೂ ಗೊತ್ತಿತ್ತು. ಯಾಕೆ ಎಂದು ತೋರಿಸದೆ ಯಾರನ್ನೂ ಆ ಅಳುಕಿನಿಂದ ಬಿಡಿಸಲಾಗುವುದಿಲ್ಲ.

ಮೊದಲು ಬಲಗಡೆಯ ಒಂದು ಯಂತ್ರದಲ್ಲಿ ಅವಳ ಹೆಸರಿನಿಂದ ಒಳಹೋಗಿ, ಅವಳ ಅಧ್ಯಾಯಗಳೆಲ್ಲ ಕ್ಷೇಮವಾಗಿರುವುದನ್ನು ತೋರಿಸಿದೆ. ಕೆಟ್ಟದ್ದು ಬಾಗಿಲು, ಮನೆಯೊಳಗಿನ ಸಾಮಾನಲ್ಲ ಎಂಬುದು ಗೊತ್ತಾದ ಮೇಲೆ ಕೋಣೆಯಲ್ಲಿ ಸ್ವಲ್ಪ ಉಸಿರಾಡಿತು. ಆಮೇಲೆ ಸರ್ವರಿನ ಮುಂದೆ ಕೂತೆ.

ವಿಳಾಸ ಹಂಚುವ ಪ್ರೋಗ್ರಾಮು, ಡಿಎನ್‌ಎಸ್‌ಮಾಸ್ಕ್, ನಡೆಯುತ್ತಲೇ ಇತ್ತು. ಅದರ ಲಾಗಿನಲ್ಲಿ ಏಳನೆಯ ಯಂತ್ರದ ಗುರುತು ಹುಡುಕಿದೆ. ಸಿಕ್ಕಿತು. ಕೂಗಿದ್ದು, ವಿಳಾಸ ಕೊಟ್ಟದ್ದು, ಒಪ್ಪಿದ್ದು, ಕಡತ ಕಳಿಸಿದ್ದು ಎಲ್ಲವೂ ಸಾಲಾಗಿ ದಾಖಲಾಗಿತ್ತು. ಆಮೇಲೆ ಏನೂ ಇಲ್ಲ. ಅಂದರೆ ಯಂತ್ರ ಮೊದಲ ಸಲ ಕೂಗಿದಾಗ ಸರ್ವರಿಗೆ ಕೇಳಿಸಿದೆ. ಎರಡನೆಯ ಸಲ ಕೂಗಿದಾಗ ಕೇಳಿಸಿಲ್ಲ. ಒಂದೇ ಯಂತ್ರ, ಒಂದೇ ಕೇಬಲ್, ಒಂದೇ ಸರ್ವರ್, ನಡುವೆ ಕೆಲವೇ ಕ್ಷಣಗಳ ಅಂತರ. ಮೊದಲಿನದು ಮುಟ್ಟಿತು, ಎರಡನೆಯದು ಮುಟ್ಟಲಿಲ್ಲ.

ಹಿಂದಿನ ಶನಿವಾರ ಕ್ಯಾಂಪಸ್ಸಿನ ನೆಟ್‌ವರ್ಕ್ ಕೆಲಸದ ಗುತ್ತಿಗೆದಾರರು ಬಂದು ಕೋಣೆಯ ಸ್ವಿಚ್ಚನ್ನು ಬದಲಿಸಿ ಹೋಗಿದ್ದರು. ಇಲ್ಲಿ ಸ್ವಿಚ್ಚು ಎಂದರೆ ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆ. ಹಳೆಯದು ಸಾಧಾರಣದ್ದು, ಹೊಸದು ದುಬಾರಿಯದು, ಹೆಚ್ಚು ಬುದ್ಧಿಯದು. ಗುತ್ತಿಗೆದಾರರಿಗೆ ಫೋನು ಮಾಡಿದಾಗ, "ಸ್ವಿಚ್ ಚೆನ್ನಾಗೇ ಇದೆ ಮೇಡಂ, ಲೈಟ್ ಎಲ್ಲಾ ಹಸಿರು ಬರ್ತಿದೆಯಲ್ಲಾ. ನಿಮ್ಮ ಸಿಸ್ಟಮ್ಮೇ ಹಳೇವು" ಎಂದರು. ಮುಖ್ಯಸ್ಥರು ಒಳ್ಳೆಯವರು, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು: "ನಿನ್ನ ಥೀಸಿಸ್ ಬಿಟ್ಟು ಇದರಲ್ಲಿ ಯಾಕಮ್ಮಾ ಸಾಯ್ತೀ? ಸೆಮಿಸ್ಟರ್ ಮುಗಿದ ಮೇಲೆ ಎಲ್ಲಾ ಹರಾಜಿಗೆ ಹಾಕಿಸಿಬಿಡೋಣ." ಹರಾಜಾದರೆ ಅದರ ಜಾಗಕ್ಕೆ ಏನೂ ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಸ್ತಪ್ರತಿಗಳ ಕೆಲಸ ಮಾಡುವವರು ಮೊದಲು ಕಲಿಯುವ ಪಾಠವೊಂದಿದೆ. ಒಂದೇ ಕಾವ್ಯದ ಹತ್ತು ಪ್ರತಿಗಳು ಮುಂದಿದ್ದು, ನಾಲ್ಕರಲ್ಲಿ ಒಂದು ಪಾಠ, ಆರರಲ್ಲಿ ಇನ್ನೊಂದು ಪಾಠ ಇದ್ದರೆ ಯಾವುದು ಸರಿ ಎಂದು ತೀರ್ಮಾನಿಸಲು ಹೋಗಬಾರದು. ಮೊದಲು ಆ ನಾಲ್ಕಕ್ಕೆ ಸಮಾನವಾದದ್ದು ಏನು ಎಂದು ಕೇಳಬೇಕು. ಒಂದೇ ಮಠದಿಂದ ಬಂದವೇ? ಒಂದೇ ತಾಯಿಪ್ರತಿಯಿಂದ ಇಳಿದವೇ? ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪರೀಕ್ಷೆಗಾಗಿಯಾದರೂ ಓದಿದವರಿಗೆ ಈ ದಾರಿ ಪರಿಚಿತ. ನನ್ನ ಮುಂದೆ 12 ಪ್ರತಿಗಳಿದ್ದವು. 4 ಒಂದು ಪಾಠ, 8 ಇನ್ನೊಂದು ಪಾಠ.

ಎಡಸಾಲಿನ ಒಂದು ಯಂತ್ರವನ್ನು ಎತ್ತಿ ಬಲಸಾಲಿನ ಕೇಬಲ್ಲಿಗೆ ಸಿಕ್ಕಿಸಿದೆವು. ಎದ್ದಿತು. ಬಲಸಾಲಿನದನ್ನು ಎಡಗಡೆಗೆ ತಂದೆವು. ಏಳಲಿಲ್ಲ. ಅಲ್ಲಿಗೆ ಹಳೆಯ ಸಿಸ್ಟಮ್ಮು ಎಂಬ ಆಪಾದನೆ ಬಿದ್ದುಹೋಯಿತು. ಎಡಗಡೆ ಹೊಸ ಕೇಬಲ್ ಹಾಕಿದೆವು, ಏಳಲಿಲ್ಲ; ಕೇಬಲ್ ಕೂಡ ನಿರ್ದೋಷಿ. ಹೊರಗಿನ ಕ್ಯಾಂಪಸ್ ನೆಟ್‌ವರ್ಕಿನಿಂದ ಬೇರೆ ಯಾವುದೋ ಸರ್ವರ್ ನಡುವೆ ಬಾಯಿಹಾಕಿ ತಪ್ಪು ವಿಳಾಸ ಕೊಡುತ್ತಿರಬಹುದೇ? ಹಾಗಾಗುವುದುಂಟು. ಹೊರಗಿನ ಸಂಪರ್ಕವನ್ನೇ ಕಿತ್ತೆವು. ಆಗಲೂ 4 ಎದ್ದವು, 8 ಏಳಲಿಲ್ಲ. ಒಂದೊಂದು ಪರೀಕ್ಷೆ ಮುಗಿದಾಗಲೂ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಹುಡುಗಿ ಕೇಬಲ್ಲುಗಳನ್ನು ಕಿತ್ತು ಹಾಕುವ ಕೆಲಸಕ್ಕೆ ತಾನಾಗಿಯೇ ಬಂದಳು. ಮೊದಮೊದಲು ಹಾವು ಹಿಡಿದ ಹಾಗೆ ಹಿಡಿಯುತ್ತಿದ್ದಳು.

ಬಲಸಾಲಿನ ನಾಲ್ಕಕ್ಕೆ ಸಮಾನವಾದದ್ದು ಮೇಜಿನ ಕೆಳಗಿತ್ತು. ಆ ಗೋಡೆಯವರೆಗೆ ಒಂದೇ ಕೇಬಲ್ ಬಂದಿದ್ದರಿಂದ ಹಿರಿಯರು ಅಲ್ಲೊಂದು 5 ಕಿಂಡಿಗಳ ಅಗ್ಗದ ಪುಟ್ಟ ಸ್ವಿಚ್ಚು ಇಟ್ಟಿದ್ದರು. ನಾಲ್ಕು ಕಿಂಡಿಗೆ ನಾಲ್ಕು ಯಂತ್ರ, ಐದನೆಯದರಿಂದ ಹೊಸ ದೊಡ್ಡ ಸ್ವಿಚ್ಚಿಗೆ ಒಂದು ಕೇಬಲ್. ಎಡಸಾಲಿನ ಎಂಟೂ ನೇರವಾಗಿ ದೊಡ್ಡ ಸ್ವಿಚ್ಚಿಗೇ ಸೇರಿದ್ದವು. ದೊಡ್ಡವರ ಮನೆಗೆ ನೇರ ಹೋದವರಿಗೆ ಪ್ರವೇಶವಿಲ್ಲ, ನಡುವೆ ಬಡವನೊಬ್ಬನ ಕೈ ಹಿಡಿದು ಹೋದವರಿಗೆ ಇದೆ. ಹೀಗೇಕೆ?

ಮಂಗಳವಾರ ಬೆಳಿಗ್ಗೆ ನಾನು ಪರದೆ ಬಿಟ್ಟು ಸ್ವಿಚ್ಚಿನ ದೀಪವನ್ನೇ ನೋಡುತ್ತ ಕೂತೆ. ಏಳನೆಯ ಯಂತ್ರವನ್ನು ಹಚ್ಚಿದಾಗ ಅದರ ಕಿಂಡಿಯ ದೀಪ ಕಿತ್ತಳೆ ಬಣ್ಣಕ್ಕೆ ಬಂತು. ಬಹಳ ಹೊತ್ತು ಕಿತ್ತಳೆಯಲ್ಲೇ ಇತ್ತು, ಆಮೇಲೆ ಹಸಿರಾಯಿತು. ಆಗ ವಿಳಾಸ ಸಿಕ್ಕಿತು, ಕಡತ ಬಂತು, ಐಪಿಎಕ್ಸ್‌ಇ ಎದ್ದು ಕಾರ್ಡನ್ನು ಕೈಗೆ ತೆಗೆದುಕೊಂಡಿತು. ಆ ಕ್ಷಣ ದೀಪ ಆರಿ ಮತ್ತೆ ಹತ್ತಿತು. ಮತ್ತೆ ಕಿತ್ತಳೆ! ಐಪಿಎಕ್ಸ್‌ಇ ಕೂಗುತ್ತಲೇ ಇತ್ತು, ಕೂಗಿ ಸೋತು ಕೈಚೆಲ್ಲಿತು. ಅದು ಕೈಚೆಲ್ಲಿ ಸುಮಾರು ಹೊತ್ತಾದ ಮೇಲೆ ದೀಪ ಶಾಂತವಾಗಿ ಹಸಿರಾಯಿತು. ಹುಡುಗಿ ಮೊಬೈಲಿನಲ್ಲಿ ಹೊತ್ತು ಹಿಡಿದಿದ್ದಳು. "ಮೂವತ್ತು ಸೆಕೆಂಡ್ ಅಕ್ಕಾ" ಎಂದಳು. ಇನ್ನೊಂದು ಸಲ ನೋಡಿದೆವು. ಮತ್ತೆ 30.

ಈ 30 ಸೆಕೆಂಡಿಗೆ ಒಂದು ಇತಿಹಾಸವಿದೆ. ನೆಟ್‌ವರ್ಕಿನಲ್ಲಿ ಎರಡು ಸ್ವಿಚ್ಚುಗಳ ನಡುವೆ ಯಾರೋ ಗೊತ್ತಿಲ್ಲದೆ ಎರಡು ಕೇಬಲ್ ಸಿಕ್ಕಿಸಿದರೆ ಅಲ್ಲೊಂದು ಬಳೆಯಾಗುತ್ತದೆ. ಈಥರ್‌ನೆಟ್ಟಿನಲ್ಲಿ ಓಡಾಡುವ ಸಂದೇಶಕ್ಕೆ ಇಷ್ಟು ದೂರ ಹೋದ ಮೇಲೆ ಸಾಯಬೇಕು ಎಂಬ ಆಯುಷ್ಯವಿಲ್ಲ. ಎಲ್ಲರಿಗೂ ಎಂದು ಕೂಗಿದ ಒಂದು ಕೂಗು ಆ ಬಳೆಯೊಳಗೆ ಸುತ್ತುತ್ತಲೇ ಇರುತ್ತದೆ. ಸುತ್ತಿದಷ್ಟೂ ಮರಿಹಾಕಿ, ನೋಡನೋಡುತ್ತ ಇಡೀ ಜಾಲ ಕುಸಿದು ಬೀಳುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ ಅವರು ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮವನ್ನು ರೂಪಿಸಿದರು. ಸ್ವಿಚ್ಚುಗಳು ತಮ್ಮೊಳಗೇ ಮಾತಾಡಿಕೊಂಡು, ಇರುವ ಕೇಬಲ್ಲುಗಳಲ್ಲಿ ಕೆಲವನ್ನು ಸುಮ್ಮನಿರಿಸಿ, ಉಳಿದವುಗಳಿಂದ ಒಂದು ಮರ ಮಾಡಿಕೊಳ್ಳುತ್ತವೆ. ಮರದಲ್ಲಿ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಲು ಒಂದೇ ದಾರಿ, ಸುತ್ತು ದಾರಿ ಇಲ್ಲ. ಜಾಯ್ಸ್ ಕಿಲ್ಮರನ 'ಟ್ರೀಸ್' ಎಂಬ ಪ್ರಸಿದ್ಧ ಕವಿತೆಯ ಧಾಟಿಯಲ್ಲಿ ಪರ್ಲ್‌ಮನ್ 'ಆಲ್ಗೊರೈಮ್' ಎಂಬ ಪದ್ಯವನ್ನೂ ಬರೆದು ತಮ್ಮ ಪ್ರಬಂಧದಲ್ಲಿ ಸೇರಿಸಿದರು. ಸಾಹಿತ್ಯದವರು ತಂತ್ರಜ್ಞಾನದ ಕೋಣೆಯಲ್ಲಿ ಅಪರಿಚಿತರೇನೂ ಅಲ್ಲ ಎನ್ನಲು ನಾನು ಈ ಪದ್ಯವನ್ನು ಸಾಕ್ಷಿಯಾಗಿ ಇಟ್ಟುಕೊಂಡಿದ್ದೇನೆ.

ಈ ಕ್ರಮದಲ್ಲಿ ಒಂದು ಎಚ್ಚರಿಕೆಯ ನಿಯಮವಿದೆ. ಯಾವ ಕಿಂಡಿಯಲ್ಲಾದರೂ ಹೊಸದಾಗಿ ಕೇಬಲ್ ಜೀವಗೊಂಡರೆ ಸ್ವಿಚ್ಚು ಅದನ್ನು ತಕ್ಷಣ ನಂಬುವುದಿಲ್ಲ. 15 ಸೆಕೆಂಡು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಆಚೆ ಇನ್ನೊಂದು ಸ್ವಿಚ್ಚಿದೆಯೇ ಎಂದು. ಇನ್ನು 15 ಸೆಕೆಂಡು ಆಚೆ ಯಾರ್ಯಾರಿದ್ದಾರೆ ಎಂದು ಕಲಿಯುತ್ತದೆ. ಆಮೇಲೆ ಬಾಗಿಲು ತೆರೆಯುತ್ತದೆ. ಈ 30 ಸೆಕೆಂಡಿನಲ್ಲಿ ಯಂತ್ರ ಏನು ಕೂಗಿದರೂ ಆಚೆಗೆ ದಾಟುವುದಿಲ್ಲ.

ಇನ್ನು ಲೆಕ್ಕ ಕೂಡಿಬಂತು. ಕಾರ್ಡಿನೊಳಗಿನ ಪಿಎಕ್ಸ್‌ಇ ತಾಳ್ಮೆಯ ಪ್ರಾಣಿ. ಮೊದಲು 4 ಸೆಕೆಂಡು ಕಾಯುತ್ತದೆ, ಉತ್ತರ ಬರದಿದ್ದರೆ 8, ಆಮೇಲೆ 16, ಆಮೇಲೆ 32. ಒಟ್ಟು ಒಂದು ನಿಮಿಷ. ಹಾಗಾಗಿ ಬಾಗಿಲು ತೆರೆಯುವವರೆಗೂ ಅದು ಅಲ್ಲೇ ಇರುತ್ತದೆ. ಅದರ ಬೆನ್ನಿಗೆ ಬಂದ ಐಪಿಎಕ್ಸ್‌ಇ ಕಾರ್ಡನ್ನು ಹೊಸದಾಗಿ ಎಬ್ಬಿಸುವಾಗ ಸಂಪರ್ಕ ಒಂದು ಗಳಿಗೆ ಕಡಿದು ಕೂಡುತ್ತದೆ. ಸ್ವಿಚ್ಚಿನ ಕಣ್ಣಿಗೆ ಅದು ಹೊಸ ಅತಿಥಿ, ಮತ್ತೆ 30 ಸೆಕೆಂಡು. ಐಪಿಎಕ್ಸ್‌ಇಯ ಹೊಸ ಆವೃತ್ತಿಗಳು ಬಾಗಿಲು ಮುಚ್ಚಿದೆ ಎಂಬುದನ್ನು ಗುರುತಿಸಿ ಕಾಯುವುದನ್ನು ಕಲಿತಿವೆ. ನಮ್ಮಲ್ಲಿದ್ದ ಕಡತ ಹಿಂದಿನ ಸರ್ವರಿನಿಂದ ಹಾಗೇ ಬಂದ ಬಹಳ ಹಳೆಯದು, ಅದಕ್ಕೆ ಆ ವಿದ್ಯೆ ಬರುತ್ತಿರಲಿಲ್ಲ. ಹಳೆಯ ಸ್ವಿಚ್ಚಿಗೆ ಸ್ಪ್ಯಾನಿಂಗ್ ಟ್ರೀಯೇ ಗೊತ್ತಿರಲಿಲ್ಲವಾದ್ದರಿಂದ ಅದು ಕಾಯಿಸುತ್ತಲೂ ಇರಲಿಲ್ಲ. ಮೇಜಿನ ಕೆಳಗಿನ ಪುಟ್ಟ ಸ್ವಿಚ್ಚಿನ ಗುಟ್ಟೂ ಬಯಲಾಯಿತು. ಯಂತ್ರಗಳು ಬಿದ್ದು ಎದ್ದರೂ ಪುಟ್ಟ ಸ್ವಿಚ್ಚಿಗೂ ದೊಡ್ಡ ಸ್ವಿಚ್ಚಿಗೂ ನಡುವಿನ ಕೇಬಲ್ ಮಾತ್ರ ಎಂದೂ ಕಡಿಯುವುದಿಲ್ಲ. ಆ ಬಾಗಿಲು ಒಮ್ಮೆ ತೆರೆದದ್ದು ತೆರೆದೇ ಇರುತ್ತದೆ.

ಇಷ್ಟೆಲ್ಲ ಸರಿ, ಆದರೆ ಇದು ಊಹೆ. ಪರೀಕ್ಷಿಸಲು ಒಂದು ದಾರಿಯಿತ್ತು. ಐಪಿಎಕ್ಸ್‌ಇ ಏಳುವಾಗ ಕಂಟ್ರೋಲ್ ಮತ್ತು ಬಿ ಒತ್ತಿದರೆ ಅದು ಮುಂದೆ ಹೋಗದೆ ನಮ್ಮ ಆಜ್ಞೆಗೆ ಕಾಯುತ್ತದೆ. ಹುಡುಗಿಯನ್ನು ಏಳನೆಯ ಯಂತ್ರದ ಮುಂದೆ ಕೂರಿಸಿದೆ. ಒತ್ತಿದಳು, ನಿಂತಿತು. ವಿಳಾಸ ಕೇಳು ಎಂಬ ಆಜ್ಞೆ ಟೈಪು ಮಾಡಿಸಿದೆ. ಅದು ಕಾರ್ಡನ್ನು ಎಬ್ಬಿಸಿತು, ದೀಪ ಕಿತ್ತಳೆಯಾಯಿತು, ಕೇಳಿ ಸೋತಿತು. "ಈಗ ಏನೂ ಮಾಡಬೇಡ, ದೀಪ ನೋಡು" ಎಂದೆ. ಇಬ್ಬರೂ ನೋಡುತ್ತ ಕೂತೆವು. ಅರ್ಧ ನಿಮಿಷ ಎಷ್ಟು ಉದ್ದ ಎಂದು ಹಾಗೆ ಸುಮ್ಮನೆ ಕೂತಾಗಲೇ ತಿಳಿಯುವುದು. ಹಸಿರಾಯಿತು. "ಈಗ ಅದನ್ನೇ ಮತ್ತೆ ಹೊಡಿ." ಹೊಡೆದಳು. ಪರದೆಯ ಮೇಲೆ 'ಓಕೆ' ಎಂದು ಬಂತು. ಆಮೇಲೆ ಲಿನಕ್ಸ್ ಏಳುವಾಗಿನ ಸಾಲುಗಳು ಸರಸರನೆ ಓಡಿದವು. ಅವಳು ಪರದೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಂದ್ರ ಇದು ಕಾಯ್ಬೇಕಿತ್ತು, ಕಾಯ್ಲಿಲ್ಲ, ಅಷ್ಟೇನಾ?"

ಅಷ್ಟೇ. ಇಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ. ಸ್ವಿಚ್ಚು ತನ್ನ ಧರ್ಮ ಪಾಲಿಸುತ್ತಿತ್ತು, ಅದು ಹಾಗೆ ಕಾಯಿಸದಿದ್ದರೆ ಒಂದು ದಿನ ಇಡೀ ಕ್ಯಾಂಪಸ್ಸಿನ ಜಾಲ ಕುಸಿಯಬಹುದು. ಐಪಿಎಕ್ಸ್‌ಇ ಕೂಡ ತನಗೆ ಹೇಳಿದಷ್ಟು ಸಲ ಕೂಗಿ ನಿಲ್ಲಿಸಿತ್ತು. ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಎರಡೂ ಆರೋಗ್ಯವಂತ. ಗುತ್ತಿಗೆದಾರರು ಲೈಟು ಹಸಿರಿದೆ ಎಂದದ್ದೂ ನಿಜ, ಅವರು ನೋಡುವ ಹೊತ್ತಿಗೆ ಅದು ಹಸಿರಾಗಿರುತ್ತಿತ್ತು. ಎರಡರ ನಡುವೆ ಒಬ್ಬರಿಗೊಬ್ಬರ ವೇಗ ಗೊತ್ತಿಲ್ಲದಿದ್ದದ್ದೇ ತೊಡಕು. ಅದರ ಹೊರೆ ಬಿದ್ದದ್ದು ಮಾತ್ರ ಇವೆರಡರ ಹೆಸರನ್ನೂ ಕೇಳಿರದ ಎಂಟು ಕುರ್ಚಿಗಳ ಮೇಲೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮನೆಯ ಮೊದಲ ಹುಡುಗಿಗೂ ಇಲ್ಲಿನ ಗಡಿಯಾರಕ್ಕೂ ನಡುವೆ ಇಂಥದೇ 30 ಸೆಕೆಂಡು ಎಷ್ಟೋ ಇವೆ. ಅರ್ಜಿಯ ಕೊನೆಯ ದಿನ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ತರಗತಿಯಲ್ಲಿ ಪ್ರಶ್ನೆ ಕೂಡಿಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅವಳಲ್ಲೇ ಏನೋ ಕೊರತೆಯಿದೆ ಎಂದು ಎಲ್ಲರೂ ನಂಬುತ್ತಾರೆ, ಎಲ್ಲರಿಗಿಂತ ಮೊದಲು ಅವಳು.

ಸರಿಯಾದ ಪರಿಹಾರ ಸುಲಭ. ಈ ಕಿಂಡಿಗಳಾಚೆ ಇರುವುದು ಬರೀ ಕಂಪ್ಯೂಟರ್, ಬೇರೆ ಸ್ವಿಚ್ಚಲ್ಲ, ಕಾಯಿಸಬೇಡ ಎಂದು ಸ್ವಿಚ್ಚಿಗೆ ಹೇಳಬೇಕು. ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಎಂಬ ಹೆಸರಿನಲ್ಲಿ ಈ ಅನುಕೂಲ ಇರುತ್ತದೆ. ಆದರೆ ಸ್ವಿಚ್ಚಿನ ಗುಪ್ತಪದ ನೆಟ್‌ವರ್ಕ್ ಕಚೇರಿಯಲ್ಲಿತ್ತು. ಯಾವ ಕಿಂಡಿಗಳಿಗೆ ಏನು ಮಾಡಬೇಕು, ಯಾಕೆ ಮಾಡಬೇಕು ಎಂದು ಒಂದು ಪುಟದ ಪತ್ರ ಬರೆದು ಮುಖ್ಯಸ್ಥರ ಸಹಿ ಹಾಕಿಸಿ ಕೊಟ್ಟುಬಂದೆ. ಅದು ಮೇಜಿನಿಂದ ಮೇಜಿಗೆ ಹೋಗುವುದಕ್ಕೆ ಶುಕ್ರವಾರ ಕಾಯುವುದಿಲ್ಲ. ನಮಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಎಂಟು ಯಂತ್ರಗಳಿಗೂ ದೊಡ್ಡ ಸ್ವಿಚ್ಚಿಗೂ ನಡುವೆ ಕೈ ಹಿಡಿಯುವ ಇನ್ನೊಬ್ಬ ಬಡವ.

ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೊರಟಾಗ ಅಟೆಂಡರ್ ತಡೆದರು. "ಆ ಹಳೇ ಡಬ್ಬಿ ಆದ್ರ ನಡೀತದೇನ್ರಿ? ಶನಿವಾರ ಅವ್ರು ಕಸಕ್ಕ ಹಾಕ್ತೀವಿ ಅಂದ್ರು. ನಾ ಎತ್ತಿ ಕಪಾಟಿನ ಮ್ಯಾಲ ಇಟ್ಟೀನಿ." 16 ಕಿಂಡಿಗಳ ಹಳೆಯ ಸ್ವಿಚ್ಚು, ಅದರ ತಂತಿ ಸಮೇತ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದರು. ಯಾಕೆ ಇಟ್ಟಿರಿ ಎಂದು ಕೇಳಿದ್ದಕ್ಕೆ, "ಚಲೋ ಇತ್ತಲ್ರಿ" ಎಂದರು. ಎಂಟು ಕೇಬಲ್ ಅದಕ್ಕೆ, ಅದರಿಂದ ಒಂದೇ ಕೇಬಲ್ ದೊಡ್ಡದಕ್ಕೆ. ಬಳೆಯಾಗದಂತೆ ಒಂದೇ ಎಂಬುದನ್ನು ಎರಡು ಸಲ ಎಣಿಸಿ ನೋಡಿ, ಮೇಲೆ ಚೀಟಿ ಅಂಟಿಸಿದೆವು. ಮಂಗಳವಾರ ಸಂಜೆ ಐದೂವರೆಗೆ 12ಕ್ಕೆ 12 ಎದ್ದವು.

ಆ ವಾರ ಕೋಣೆಯನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಲು ಮುಖ್ಯಸ್ಥರು ಅನುಮತಿ ಕೊಟ್ಟರು. ಶುಕ್ರವಾರ ಎಲ್ಲರೂ ಒಪ್ಪಿಸಿದರು. ಹನ್ನೊಂದು ದಿನದ ಮೇಲೆ ನೆಟ್‌ವರ್ಕ್ ಕಚೇರಿಯಿಂದ ಹುಡುಗನೊಬ್ಬ ನಮ್ಮ ಪತ್ರ ಹಿಡಿದು ಬಂದು ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಹೋದ. ಹರಾಜಿನ ಮಾತು ಸದ್ಯಕ್ಕೆ ನಿಂತಿದೆ. ನಿಂತಿದೆ ಅಷ್ಟೇ, ಸತ್ತಿಲ್ಲ. ವರ್ಷವರ್ಷವೂ ಯಾರಾದರೊಬ್ಬರು ಅದನ್ನು ಎತ್ತುತ್ತಾರೆ. ಆಗ ಈ ಕೋಣೆ ಯಾರಿಗೆ ಬೇಕು ಎಂದು ಹೇಳಲು ಇಲ್ಲಿ ಯಾರಾದರೂ ಇರಬೇಕು. ನನ್ನ ಫೆಲೋಶಿಪ್ಪು ಬರುವ ಜೂನಿಗೆ ಮುಗಿಯುತ್ತದೆ.

ಹಿರಿಯರು ಕೊಟ್ಟ ನೋಟ್‌ಬುಕ್ಕು ಇಂಗ್ಲಿಷಿನಲ್ಲಿತ್ತು. ಆ ಘಟನೆಯ ನಂತರ ನಾನು ಅದನ್ನು ಕನ್ನಡದಲ್ಲಿ ಬರೆಯತೊಡಗಿದೆ. ಪರದೆಯ ಮೇಲೆ ಏನು ಬರುತ್ತದೆ, ಅದರ ಅರ್ಥವೇನು, ಮೊದಲು ಏನು ನೋಡಬೇಕು, ಏನನ್ನು ಮುಟ್ಟಿದರೂ ಅಪಾಯವಿಲ್ಲ. ಕೊನೆಯದೇ ಎಲ್ಲಕ್ಕಿಂತ ಉದ್ದದ ಪಟ್ಟಿ. ದೇವದುರ್ಗದ ಹುಡುಗಿ ಈ ವರ್ಷ ಪಿಎಚ್.ಡಿ.ಗೆ ಸೇರಿದ್ದಾಳೆ. ಬೀಗದ ಕೈ ಈಗ ವಾರಕ್ಕೆ ಮೂರು ದಿನ ಅವಳ ಬಳಿ ಇರುತ್ತದೆ. ಹೋದ ವಾರ ನೋಟ್‌ಬುಕ್ಕು ತೆರೆದಾಗ ನನ್ನದಲ್ಲದ ಅಕ್ಷರದಲ್ಲಿ ಒಂದು ನಮೂದು ಇತ್ತು: "ಯಂತ್ರ 3 ಏಳಲಿಲ್ಲ. ಲಾಗ್ ನೋಡಿದೆ, ಕೂಗೇ ಬಂದಿಲ್ಲ. ಹಿಂದಿನ ಕೇಬಲ್ ಸಡಿಲಾಗಿತ್ತು. ತೆಗೆದು ಹಾಕಿದೆ. ಬಂತು."